ಬೋಟಿನ ಎಲೆಕ್ಟ್ರಿಕ್ ಟಾಯ್ಲೆಟ್ ಕೆಟ್ಟರೆ ಮೊದಲು ಮೋಟರ್ ಬಿಚ್ಚಬೇಡಿ

ನನ್ನದು ಹಾಸನದಲ್ಲಿ ಪಂಪು, ಮೋಟರು ರಿಪೇರಿ ಕೆಲಸ. ಆಲೂರು, ಸಕಲೇಶಪುರದ ಕಡೆಯ ಕಾಫಿ ತೋಟಗಳ ಸ್ಪ್ರಿಂಕ್ಲರ್ ಪಂಪುಗಳೇ ಜಾಸ್ತಿ. ಸಮುದ್ರದ ಬೋಟಿನ ಟಾಯ್ಲೆಟ್ ನನ್ನ ಕೈಗೆ ಬಂದದ್ದು ಭಾವನಿಂದ. ಅಕ್ಕ ಭಾವ ಇರುವುದು ಮಂಗಳೂರಿನಲ್ಲಿ. ಭಾವನ ಹತ್ತಿರ 22 ಅಡಿಯ ಒಂದು ಹಳೆಯ ಕ್ಯಾಬಿನ್ ಬೋಟಿದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ಭಾವನದು ಮೀನಿನ ಬೋಟಲ್ಲ, ಆದರೂ ಆ ದಿನಗಳಲ್ಲಿ ಕಡಲಿಗೆ ಇಳಿಯುವುದು ಯಾರಿಗೂ ಕ್ಷೇಮವಲ್ಲ. ಹಾಗಾಗಿ ಮೇ ಕೊನೆಯಲ್ಲಿ, ಶಿರಾಡಿಯಲ್ಲಿ ಗುಡ್ಡ ಜರಿಯುವ ಮಳೆ ಶುರುವಾಗುವ ಮುಂಚೆಯೇ, ಬೋಟನ್ನು ಟ್ರೈಲರ್ ಮೇಲೆ ಘಾಟಿ ಹತ್ತಿಸಿ ನಮ್ಮ ಶೆಡ್ಡಿಗೆ ತಂದು ನಿಲ್ಲಿಸುತ್ತಾರೆ.

ಕಳೆದ ಸಲ ಬಂದಾಗ ಭಾವ ಇಳಿಯುತ್ತಲೇ ಹೇಳಿದ್ದು ಇದು: "ನೋಡೋ, ಟಾಯ್ಲೆಟ್ ಮೋಟರ್ ಸತ್ತಿದೆ. ಹೊಸದು ತಂದಿದ್ದೇನೆ, ಹಾಕಿಕೊಡು."

"ಯಾರು ಹೇಳಿದ್ದು ಭಾವ, ಮೋಟರ್ ಸತ್ತಿದೆ ಅಂತ?"

"ಅಂಗಡಿಯವರು. ಗುಂಯ್ ಅನ್ನುತ್ತೆ, ತಿರುಗಲ್ಲ ಅಂದೆ. ಹಾಗಾದ್ರೆ ಮೋಟರೇ ಅಂದ್ರು."

ಹೊಸ ಮೋಟರಿನ ಡಬ್ಬ ಒಡೆಯಬೇಡಿ ಅಂದೆ. ಎರಡು ದಿನ ಕೂತು ನೋಡಿದೆವು. ಮೋಟರಿಗೆ ಏನೂ ಆಗಿರಲಿಲ್ಲ. ಆದರೆ ಬೇರೆ ಮೂರು ದೋಷ ಸಿಕ್ಕವು. ಅದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಇಂಥ ಟಾಯ್ಲೆಟ್ ಇಟ್ಟುಕೊಂಡವರು ಸುಮ್ನೆ ಮೋಟರ್ ಬದಲಾಯಿಸಿ, ಮತ್ತೆ ಅದೇ ತೊಂದರೆ ಬಂದು, ಎರಡನೆಯ ಸಲ ದುಡ್ಡು ಕಳೆದುಕೊಳ್ಳುತ್ತಾರೆ.

ಮೊದಲು ಇದು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿರಬೇಕು. ಮನೆಯ ಕಮೋಡಿನಲ್ಲಿ ಮೇಲಿನ ಟ್ಯಾಂಕಿನ ನೀರು ರಭಸವಾಗಿ ಇಳಿದು ಎಲ್ಲವನ್ನೂ ತಳ್ಳಿಕೊಂಡು ಹೋಗುತ್ತದೆ. ಬೋಟಿನಲ್ಲಿ ಅಷ್ಟು ನೀರೂ ಇಲ್ಲ, ಇಳಿಜಾರೂ ಇಲ್ಲ. ಬಟನ್ ಒತ್ತಿದರೆ 12 ವೋಲ್ಟಿನ ಡಿಸಿ ಮೋಟರ್ ತಿರುಗುತ್ತದೆ. ಹಳೆಯ ತರಹದ ಮಾಡೆಲ್‌ಗಳಲ್ಲಿ ಆ ಒಂದೇ ಶಾಫ್ಟಿನ ಮೇಲೆ ಎರಡು ಕೆಲಸ ಇರುತ್ತವೆ. ಒಂದು ಕಡೆ ರಬ್ಬರ್ ಇಂಪೆಲ್ಲರ್, ಅಂದರೆ ರೆಕ್ಕೆಗಳಿರುವ ಚಕ್ರ, ಸಮುದ್ರದ ನೀರನ್ನು ಎಳೆದು ಕಮೋಡಿಗೆ ಬಿಡುತ್ತದೆ, ಇನ್ನೊಂದು ಕಡೆ ಬ್ಲೇಡು ಇರುವ ಮೆಸರೇಟರ್ ಒಳಗಿರುವುದನ್ನು ಮಿಕ್ಸಿಯ ಹಾಗೆ ಅರೆದು ಹೊರಗೆ ತಳ್ಳುತ್ತದೆ. ಹೊಸ ಮಾಡೆಲ್‌ಗಳಲ್ಲಿ ನೀರು ಎಳೆಯುವ ಪಂಪು ಬೇರೆಯೇ ಇರಬಹುದು, ಇಲ್ಲವೇ ಬೋಟಿನ ಸಿಹಿನೀರನ್ನು ಕರೆಂಟಿನಿಂದ ತೆರೆಯುವ ಸೊಲೆನಾಯ್ಡ್ ವಾಲ್ವ್ ಮೂಲಕ ಬಿಡಬಹುದು. ಭಾವನದು ಹಳೆಯದು. ಹೊರಗೆ ಹೋಗುವ ದಾರಿಯಲ್ಲಿ ಜೋಕರ್ ವಾಲ್ವ್ ಅಂತ ಒಂದು ರಬ್ಬರಿನ ತುಂಡು ಇರುತ್ತದೆ, ಬಾತುಕೋಳಿ ಕೊಕ್ಕಿನ ಹಾಗೆ. ಹೋಗುವಾಗ ಬಾಯಿ ತೆರೆಯುತ್ತದೆ, ವಾಪಸ್ ಬರಲು ಬಿಡುವುದಿಲ್ಲ. ಬಾವಿಯ ಪಂಪಿನ ಫುಟ್ ವಾಲ್ವ್ ಮಾಡುವ ಕೆಲಸವೇ ಇದು. ಅಲ್ಲಿಂದ ಹೋಸು ಕೊಳಚೆ ಕೂಡಿಡುವ ಹೋಲ್ಡಿಂಗ್ ಟ್ಯಾಂಕಿಗೆ ಹೋಗುತ್ತದೆ, ಅಥವಾ ಬೋಟಿನ ಹೊಟ್ಟೆಯಲ್ಲಿರುವ ವಾಲ್ವಿಗೆ. ಈ ವಾಲ್ವಿಗೆ ಸೀಕಾಕ್ ಅನ್ನುತ್ತಾರೆ.

ಕೆಲಸಕ್ಕೆ ಕೈ ಹಾಕುವ ಮುಂಚೆ ನಾಲ್ಕು ಮಾತು. ಬೋಟು ನೀರಿನಲ್ಲಿದ್ದರೆ ನೀರು ಎಳೆಯುವ ಕಡೆಯದು, ಹೊರಗೆ ಬಿಡುವ ಕಡೆಯದು, ಎರಡೂ ಸೀಕಾಕ್ ಮುಚ್ಚಿ. ನೀವು ಬಿಚ್ಚಿದ ಹೋಸಿನ ಬಾಯಿ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಕಡಲು ಒಳಗೆ ಬರುತ್ತದೆ, ಹೀಗೆ ಬೋಟು ಮುಳುಗುತ್ತದೆ. ಬಿಚ್ಚುವ ಕೆಲಸವಾದರೆ ಬ್ರೇಕರ್ ಆಫ್ ಮಾಡಿ ಫ್ಯೂಸ್ ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಿ, ನಿಮ್ಮ ಬೆರಳು ಬ್ಲೇಡಿನ ಹತ್ತಿರ ಇರುವಾಗ ಇನ್ನೊಬ್ಬರು ಬಟನ್ ಒತ್ತಬಾರದು. ಗ್ಲೌಸು, ಕನ್ನಡಕ ಹಾಕಿಕೊಳ್ಳಿ. ಇದು ಕೊಳಚೆ, ಗಾಯದ ಮೇಲೆ ಬಿದ್ದರೆ ಅಥವಾ ಬಾಯಿಗೆ ಸಿಡಿದರೆ ಕಾಯಿಲೆ ತರುತ್ತದೆ. ಕೊನೆಯದಾಗಿ ಹೋಲ್ಡಿಂಗ್ ಟ್ಯಾಂಕಿನ ಒಳಗೆ ಯಾವತ್ತೂ ತಲೆ ಹಾಕಬೇಡಿ, ಹತ್ತಿರದಲ್ಲಿ ಬೀಡಿ ಸಿಗರೇಟು ಹಚ್ಚಬೇಡಿ. ಅಲ್ಲಿ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಎರಡೂ ತುಂಬಿರಬಹುದು.

ಮೊದಲು ಸದ್ದು ಕೇಳಿ

ಬಟನ್ ಒತ್ತಿ, ಕಿವಿಗೊಡಿ. ಅರ್ಧ ದೋಷ ಸದ್ದಿನಲ್ಲೇ ಗೊತ್ತಾಗುತ್ತದೆ.

ಏನೂ ಸದ್ದಿಲ್ಲ ಅಂದರೆ ಕರೆಂಟು ಮೋಟರಿಗೆ ಬರುತ್ತಿಲ್ಲ, ಅಥವಾ ಮೋಟರಿನ ತಿರುಗುವ ಭಾಗಕ್ಕೆ ಕರೆಂಟು ದಾಟಿಸುವ ಕಾರ್ಬನ್ ಬ್ರಶ್ ಸವೆದಿದೆ. ಫ್ಯೂಸು, ಬ್ರೇಕರ್, ಬಟನ್ ಈ ಕ್ರಮದಲ್ಲಿ ನೋಡಿ. ಕೆಲವು ಬೋಟುಗಳಲ್ಲಿ ಟ್ಯಾಂಕು ತುಂಬಿದರೆ ಫ್ಲಶ್ ಆಗದಂತೆ ಸೆನ್ಸರ್ ತಡೆಯುತ್ತದೆ, ಅದನ್ನೂ ಮರೆಯಬೇಡಿ. ಬ್ರಶ್ ಸವೆದಿದ್ದರೆ ಒಂದು ಸುಳಿವು ಸಿಗುತ್ತದೆ: ಬಟನ್ ಒತ್ತಿ ಹಿಡಿದು ಮೋಟರಿನ ಮೈಗೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಒಮ್ಮೆಲೇ ತಿರುಗುತ್ತದೆ.

ಟಕ್ ಅಂತ ಮಾತ್ರ ಸದ್ದು ಬಂದರೆ ರಿಲೇ (ಬಟನ್ ಒತ್ತಿದಾಗ ಮೋಟರಿಗೆ ಕರೆಂಟು ಬಿಡುವ ಸ್ವಿಚ್ಚು) ಎಳೆಯುತ್ತಿದೆ, ಅದರ ಕಾಂಟ್ಯಾಕ್ಟ್ ಸುಟ್ಟಿದೆ ಅಥವಾ ಅದಕ್ಕಿಂತ ಮುಂದೆ ವೈರು ಕೈ ಕೊಟ್ಟಿದೆ.

ಗುಂಯ್ ಅಂದು ತಿರುಗದಿದ್ದರೆ, ಅಥವಾ ಮುಕ್ಕುತ್ತಾ ನಿಧಾನವಾಗಿ ತಿರುಗಿದರೆ, ಎರಡು ಸಾಧ್ಯತೆ. ಒಳಗೆ ಏನೋ ಸಿಕ್ಕಿಕೊಂಡಿದೆ, ಇಲ್ಲವೇ ವೋಲ್ಟೇಜ್ ಸಾಲುತ್ತಿಲ್ಲ. ಭಾವನ ಕಥೆ ಇಲ್ಲಿಗೆ ಬರುತ್ತದೆ.

ಹಗುರವಾಗಿ, ಮಾಮೂಲಿಗಿಂತ ಜೋರಾಗಿ ತಿರುಗುತ್ತಿದೆ, ಆದರೆ ನೀರು ಬರುತ್ತಿಲ್ಲ ಅಂದರೆ ಪಂಪಿಗೆ ಹೊರೆಯೇ ಇಲ್ಲ. ತಕ್ಷಣ ನಿಲ್ಲಿಸಿ, ಒಣಗಿದ ರಬ್ಬರ್ ಇಂಪೆಲ್ಲರ್ ಬೇಗ ಸುಟ್ಟು ಹೋಗುತ್ತದೆ.

ವೋಲ್ಟೇಜು: ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ

ಊರಿನಲ್ಲಿ ಲೈನು ದೂರ ಇರುವ ತೋಟದ ಪಂಪಿಗೆ ಕರೆಂಟು ಡಿಮ್ ಬಂದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಮೋಟರ್ ಗುಂಯ್ ಅನ್ನುತ್ತದೆ, ಬಿಸಿಯಾಗುತ್ತದೆ, ಹಾಗೇ ಬಿಟ್ಟರೆ ಸುಡುತ್ತದೆ. 12 ವೋಲ್ಟಿನಲ್ಲಿ ಇದು ಇನ್ನೂ ಜಾಸ್ತಿ ಕಾಡುತ್ತದೆ. 230 ವೋಲ್ಟಿನಲ್ಲಿ ದಾರಿಯಲ್ಲಿ 2 ವೋಲ್ಟ್ ಕಳೆದರೆ ಯಾರಿಗೂ ತಿಳಿಯುವುದಿಲ್ಲ. 12 ವೋಲ್ಟಿನಲ್ಲಿ 2 ವೋಲ್ಟ್ ಹೋದರೆ ಆರರಲ್ಲಿ ಒಂದು ಪಾಲು ಹೋಯಿತು. ಈ ಟಾಯ್ಲೆಟ್ ಮೋಟರುಗಳು ಸಣ್ಣವಾಗಿ ಕಾಣುತ್ತವೆ, ಆದರೆ ಸಾಮಾನ್ಯವಾಗಿ 15ರಿಂದ 20 ಆಂಪ್ ಎಳೆಯುತ್ತವೆ. ಅದಕ್ಕೇ ಇಂಥ ಎಷ್ಟೋ ಮಾಡೆಲ್‌ಗಳಿಗೆ 25 ಆಂಪಿನ ಫ್ಯೂಸ್ ಹಾಕಲು ಹೇಳಿರುತ್ತಾರೆ.

ಎಲ್ಲರೂ ಮಾಡುವ ತಪ್ಪು ಒಂದೇ. ಮೀಟರನ್ನು ಮೋಟರಿನ ವೈರಿಗೆ ಹಿಡಿಯುತ್ತಾರೆ, 12.6 ತೋರಿಸುತ್ತದೆ, ಕರೆಂಟು ಸರಿ ಇದೆ ಅಂತ ತೀರ್ಮಾನ ಮಾಡುತ್ತಾರೆ. ಮೋಟರ್ ಓಡದೇ ಇರುವಾಗ ವೈರಿನಲ್ಲಿ ಕರೆಂಟೇ ಹರಿಯುತ್ತಿಲ್ಲ, ಹರಿಯದಿದ್ದರೆ ವೋಲ್ಟೇಜ್ ಇಳಿಯುವುದೂ ಇಲ್ಲ. ಒಂದೇ ಒಂದು ಎಳೆ ಉಳಿದಿರುವ ವೈರು ಕೂಡ ಆಗ 12.6 ತೋರಿಸುತ್ತದೆ. ಅಳೆಯಬೇಕಾದದ್ದು ಬಟನ್ ಒತ್ತಿ ಹಿಡಿದಾಗ, ಮೋಟರಿನ ಟರ್ಮಿನಲ್ ಮೇಲೆಯೇ. ಒಬ್ಬರು ಒತ್ತಬೇಕು, ಒಬ್ಬರು ನೋಡಬೇಕು. ಮೋಟರ್ ಮುಕ್ಕುತ್ತಿದ್ದರೆ ಎರಡು ಮೂರು ಸೆಕೆಂಡಿಗಿಂತ ಜಾಸ್ತಿ ಒತ್ತಬೇಡಿ.

ಭಾವನ ಬೋಟಿನಲ್ಲಿ ಹೀಗಿತ್ತು. ನೀರು ಎಳೆಯುವ ಹೋಸನ್ನು ಶುದ್ಧ ನೀರಿನ ಬಕೆಟ್ಟಿಗೆ ಬಿಟ್ಟೆವು, ಹೊರ ಹೋಗುವ ಹೋಸನ್ನು ಇನ್ನೊಂದು ಬಕೆಟ್ಟಿಗೆ. ಬ್ಯಾಟರಿ ಸುಮ್ಮನಿದ್ದಾಗ 12.6, ಬಟನ್ ಒತ್ತಿದಾಗ ಬ್ಯಾಟರಿಯ ಮೇಲೆಯೇ 12.1. ಇದು ಸರಿಯಾಗಿದೆ. ಅದೇ ಹೊತ್ತಿನಲ್ಲಿ ಮೋಟರಿನ ಟರ್ಮಿನಲ್ ಮೇಲೆ 9.5. ಅಂದರೆ ದಾರಿಯಲ್ಲಿ 2.6 ವೋಲ್ಟ್ ಮಾಯ. ವೈರಿನ ಸುತ್ತ ಇಕ್ಕಳದ ಹಾಗೆ ಹಿಡಿದು ಕರೆಂಟು ಅಳೆಯುವ ಟಾಂಗ್ ಟೆಸ್ಟರಿನಲ್ಲಿ (ಡಿಸಿ ಅಳೆಯುವಂಥದ್ದು) 16 ಆಂಪ್. (ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಎಷ್ಟೋ ಟಾಂಗ್ ಟೆಸ್ಟರುಗಳು ಎಸಿ ಕರೆಂಟನ್ನು ಮಾತ್ರ ಅಳೆಯುತ್ತವೆ, ಬೋಟಿನ ಕೆಲಸಕ್ಕೆ ಅವು ಬರುವುದಿಲ್ಲ. ಕೊಳ್ಳುವಾಗ ಕೇಳಿ ತೆಗೆದುಕೊಳ್ಳಿ.)

ಮಾಯವಾದ ವೋಲ್ಟೇಜ್ ಎಲ್ಲಿ ಹೋಯಿತು ಅಂತ ಹುಡುಕುವುದು ಕಷ್ಟವಲ್ಲ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪಾಸಿಟಿವ್ ಮೇಲೆ, ಇನ್ನೊಂದು ಮೋಟರಿನ ಪಾಸಿಟಿವ್ ಮೇಲೆ ಇಡಿ. ಉದ್ದ ಸಾಲದಿದ್ದರೆ ಒಂದು ತೆಳು ವೈರು ಸೇರಿಸಿಕೊಳ್ಳಿ, ಅದರಿಂದ ಲೆಕ್ಕ ತಪ್ಪುವುದಿಲ್ಲ. ಬಟನ್ ಒತ್ತಿದಾಗ ಬರುವ ಅಂಕಿಯೇ ಆ ದಾರಿಯಲ್ಲಿ ಕಳೆದ ವೋಲ್ಟೇಜ್. ಆಮೇಲೆ ನೆಗೆಟಿವ್ ಕಡೆಗೂ ಹೀಗೇ ಮಾಡಿ. ನೆಗೆಟಿವ್ ಕಡೆಯನ್ನು ಜನ ನೋಡುವುದೇ ಇಲ್ಲ, ನಮಗೆ ದೋಷ ಸಿಕ್ಕಿದ್ದೇ ಅಲ್ಲಿ. ಪಾಸಿಟಿವ್ ಕಡೆ 0.6 ಇತ್ತು. ನೆಗೆಟಿವ್ ಕಡೆ 2.0. ಎರಡೂ ಕಡೆ ಅದೇ ವೈರು, ಅಷ್ಟೇ ಉದ್ದ. ಹಾಗಾದರೆ ನೆಗೆಟಿವ್ ಕಡೆ ಹೆಚ್ಚಾಗಿ ಇರುವ 1.4 ವೋಲ್ಟ್ ಯಾವುದೋ ಒಂದು ಜಾಯಿಂಟಿನಲ್ಲಿ ಕೂತಿದೆ ಅಂತಾಯಿತು.

ನೆಲದ ಹಲಗೆ ಎತ್ತಿ ನೋಡಿದರೆ, ಯಾರೋ ವೈರು ಸಾಲದೆ ಎರಡು ತುಂಡುಗಳನ್ನು ಕೈಯಲ್ಲಿ ತಿರುಚಿ, ಇನ್ಸುಲೇಷನ್ ಟೇಪು ಸುತ್ತಿ ಬಿಟ್ಟಿದ್ದರು. ಟೇಪು ಕರಗಿ ಅಂಟಾಗಿತ್ತು. ಬಿಚ್ಚಿದರೆ ತಾಮ್ರ ಪೂರ್ತಿ ಹಸಿರು ಕಿಲುಬು. 1.4 ವೋಲ್ಟನ್ನು 16 ಆಂಪಿಗೆ ಗುಣಿಸಿ, 22 ವ್ಯಾಟ್ ಆಯಿತು. ಒಂದು ಸಣ್ಣ ಸೋಲ್ಡರಿಂಗ್ ಐರನ್ನಿನಷ್ಟು ಶಾಖ, ಬಟನ್ ಒತ್ತಿದಾಗಲೆಲ್ಲ, ಆ ಟೇಪಿನೊಳಗೆ. ಪೆಟ್ರೋಲ್ ಎಂಜಿನ್ ಇರುವ ಬೋಟಿನಲ್ಲಿ ಇದು ಎಷ್ಟು ಅಪಾಯ ಅಂತ ಯೋಚಿಸಿ. ನನಗೆ ನಿಜವಾಗಿ ಭಯವಾದದ್ದು ಆ ಜಾಯಿಂಟ್ ನೋಡಿದಾಗ.

ಉಳಿದ 1.2 ವೋಲ್ಟ್ ವೈರಿನದ್ದೇ. ಮನೆ ವೈರಿಂಗಿನ 2.5 ಚದರ ಮಿಮೀ ವೈರು ಎಳೆದಿದ್ದರು. ಬ್ಯಾಟರಿಯಿಂದ ಟಾಯ್ಲೆಟ್ಟಿಗೆ 5 ಮೀಟರ್, ಹೋಗಿ ಬರುವುದು ಸೇರಿ 10 ಮೀಟರ್. ಆ ವೈರಿಗೆ ಮೀಟರಿಗೆ ಸುಮಾರು 7 ಮಿಲಿಓಮ್ ಪ್ರತಿರೋಧ. 10 ಮೀಟರಿಗೆ 0.07 ಓಮ್, 16 ಆಂಪಿಗೆ 1.1 ವೋಲ್ಟಿನ ಮೇಲೆ. ಲೆಕ್ಕವೂ ಮೀಟರೂ ಹೊಂದಿದವು. ನಾವು 10 ಚದರ ಮಿಮೀ ವೈರು ಎಳೆದೆವು, ನಡುವೆ ಎಲ್ಲೂ ಜಾಯಿಂಟ್ ಇಲ್ಲದೆ. ತುದಿಗಳಿಗೆ ಲಗ್ (ಸ್ಕ್ರೂ ಕೂರಿಸುವ ಲೋಹದ ತುದಿ) ಹಾಕಿ ಸರಿಯಾದ ಕ್ರಿಂಪಿಂಗ್ ಟೂಲಿನಿಂದ ಒತ್ತಿ, ಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್. ಉಪ್ಪುಗಾಳಿಗೆ ತವರ ಲೇಪಿಸಿದ ತಾಮ್ರದ ವೈರೇ ಒಳ್ಳೆಯದು. ಆಮೇಲೆ ಬಟನ್ ಒತ್ತಿದರೆ ಮೋಟರಿನ ಮೇಲೆ 11.7 ವೋಲ್ಟ್. ಸತ್ತಿದೆ ಅಂದಿದ್ದ ಮೋಟರ್ ಚೆನ್ನಾಗಿ ತಿರುಗಿತು. ಭಾವ ಮಾತಾಡದೆ ಹೊಸ ಮೋಟರಿನ ಡಬ್ಬವನ್ನು ಕಾರಿನಲ್ಲಿ ವಾಪಸ್ ಇಟ್ಟರು.

ಇಷ್ಟೆಲ್ಲ ಅಳೆಯಲು ಸಮಯವಿಲ್ಲದಿದ್ದರೆ ಒಂದು ಹತ್ತಿರದ ದಾರಿ ಇದೆ. ಜೀಪಿನ ಬ್ಯಾಟರಿಗೆ ಹಾಕುವ ದಪ್ಪ ಜಂಪರ್ ಕೇಬಲ್ ತನ್ನಿ, ನಡುವೆ 25 ಆಂಪಿನ ಫ್ಯೂಸ್ ಇರಲಿ. ಮೋಟರಿನ ಹಳೆಯ ವೈರುಗಳನ್ನು ಕಳಚಿ, ಬ್ಯಾಟರಿಯಿಂದ ನೇರವಾಗಿ ಕೊಡಿ. ಕೊನೆಯ ಸಂಪರ್ಕವನ್ನು ಬ್ಯಾಟರಿಯ ಹತ್ತಿರ ಮಾಡಬೇಡಿ, ಕಿಡಿ ಹಾರುತ್ತದೆ. ಪೆಟ್ರೋಲ್ ವಾಸನೆ ಇದ್ದರೆ ಮೊದಲು ಗಾಳಿಯಾಡಲು ಬಿಡಿ. ಹೀಗೆ ಕೊಟ್ಟಾಗ ಮೋಟರ್ ಚೆನ್ನಾಗಿ ತಿರುಗಿದರೆ ದೋಷ ವೈರಿಂಗಿನದ್ದು. ಆಗಲೂ ಮುಕ್ಕಿದರೆ ಪಂಪು ಅಥವಾ ಮೋಟರು. ಎರಡೇ ನಿಮಿಷದ ಕೆಲಸ, ಹೊಸ ಮೋಟರ್ ಕೊಳ್ಳುವ ಮುಂಚೆ ಇದನ್ನಾದರೂ ಮಾಡಿ.

ಪ್ಲಸ್ ಮೈನಸ್ ಮಾತ್ರ ಅದಲು ಬದಲು ಆಗದಿರಲಿ. ಇವು ಮ್ಯಾಗ್ನೆಟ್ ಇರುವ ಡಿಸಿ ಮೋಟರುಗಳು, ವೈರು ಉಲ್ಟಾ ಕೊಟ್ಟರೆ ಉಲ್ಟಾ ತಿರುಗುತ್ತವೆ. ತ್ರೀ ಫೇಸ್ ಪಂಪಿಗೆ ಎರಡು ಫೇಸು ಬದಲಾದರೆ ಸದ್ದು ಬರುತ್ತದೆ, ನೀರು ಸರಿಯಾಗಿ ಬರುವುದಿಲ್ಲ ಅಲ್ವಾ, ಇಲ್ಲೂ ಹಾಗೇ ಟಾಯ್ಲೆಟ್ ಖಾಲಿಯಾಗುವುದಿಲ್ಲ. ವೈರು ಬದಲಾಯಿಸಿದ ಮೇಲೆ ಶುರುವಾದ ತೊಂದರೆಗೆ ಮೊದಲು ಇದನ್ನೇ ನೋಡಿ.

ಫ್ಯೂಸು ಪದೇ ಪದೇ ಹೋಗುತ್ತಿದ್ದರೆ ದೊಡ್ಡ ಫ್ಯೂಸು ಹಾಕಲೇಬೇಡಿ. ಫ್ಯೂಸು ಇರುವುದು ವೈರನ್ನು ಕಾಪಾಡಲು. ಅದು ಹೋಗುತ್ತಿದೆ ಅಂದರೆ ಮೋಟರ್ ಎಲ್ಲೋ ಸಿಕ್ಕಿಕೊಂಡಿದೆ, ಅಥವಾ ವೈರು ಎಲ್ಲೋ ಒಂದಕ್ಕೊಂದು ತಾಗುತ್ತಿದೆ.

ಒಳಗೆ ಸಿಕ್ಕಿಕೊಂಡಿದ್ದರೆ

ವೋಲ್ಟೇಜ್ ಸರಿ ಇದ್ದೂ ಗುಂಯ್ ಅನ್ನುತ್ತಿದ್ದರೆ ಬ್ಲೇಡಿಗೆ ಏನೋ ಸುತ್ತಿಕೊಂಡಿದೆ. ಕೆಲವು ಮಾಡೆಲ್‌ಗಳಲ್ಲಿ ಮೋಟರಿನ ಹಿಂಭಾಗದಲ್ಲಿ ಶಾಫ್ಟಿನ ತುದಿಗೆ ಸ್ಕ್ರೂಡ್ರೈವರ್ ಹಿಡಿಯುವ ಗೆರೆ ಇರುತ್ತದೆ. ಫ್ಯೂಸ್ ಕಿತ್ತು, ಅದರಲ್ಲಿ ಎರಡೂ ಕಡೆಗೆ ಮೆಲ್ಲಗೆ ತಿರುಗಿಸಿ ನೋಡಿ. ತಿಂಗಳುಗಟ್ಟಲೆ ನಿಂತ ಬೋಟಿನಲ್ಲಿ ಉಪ್ಪು ಹಿಡಿದು ಕೂತ ಶಾಫ್ಟು ಇಷ್ಟಕ್ಕೇ ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಮೆಸರೇಟರ್ ಮನೆ ಬಿಚ್ಚಲೇಬೇಕು. ಕೂದಲು, ದಾರ, ವೆಟ್ ವೈಪ್ಸು, ಗುಟ್ಕಾ ಸ್ಯಾಶೆ ಇವೇ ಮಾಮೂಲಿ. ನೀರಿನಲ್ಲಿ ಕರಗುತ್ತದೆ ಅಂತ ಬರೆದಿರುವ ವೈಪ್ಸನ್ನೂ ನಂಬಬೇಡಿ, ಬ್ಲೇಡಿಗೆ ಹಗ್ಗದ ಹಾಗೆ ಸುತ್ತುತ್ತದೆ. ನಮ್ಮ ಕಡೆಯವರು ಬೋಟು ಹತ್ತಿದರೆ ಇನ್ನೊಂದು ವಿಷಯ, ಎಲೆಅಡಿಕೆ ಹಾಕಿಕೊಂಡು ಕಮೋಡಿಗೆ ಉಗಿಯುತ್ತಾರೆ. ಗಟ್ಟಿ ಅಡಿಕೆ ಚೂರು ಬ್ಲೇಡಿನ ಸಂದಿಯಲ್ಲಿ ಕೂತರೆ ಮೋಟರ್ ನಿಂತೇಬಿಡುತ್ತದೆ. ಬಾಗಿಲ ಮೇಲೆ ಬರೆದು ಅಂಟಿಸಿ, ಹತ್ತಿರ ಮುಚ್ಚಳದ ಒಂದು ಕಸದ ಡಬ್ಬ ಇಡಿ. ಬೋರ್ಡಿಗಿಂತ ಡಬ್ಬವೇ ಜಾಸ್ತಿ ಕೆಲಸ ಮಾಡುತ್ತದೆ.

ಬಿಚ್ಚಿದಾಗ ಪಂಪಿಗೂ ಮೋಟರಿಗೂ ನಡುವೆ ಇರುವ ಸಣ್ಣ ತೂತನ್ನು ನೋಡಿ. ಅಲ್ಲಿಂದ ನೀರು ಒಸರಿದ ಗುರುತಿದ್ದರೆ ಶಾಫ್ಟ್ ಸೀಲ್ ಹೋಗಿದೆ. ಬಿಟ್ಟರೆ ಉಪ್ಪುನೀರು ಬೇರಿಂಗಿಗೆ ಇಳಿಯುತ್ತದೆ, ಆಗ ಮೋಟರ್ ನಿಜವಾಗಿಯೂ ಸಾಯುತ್ತದೆ.

ನೀರು ಬರುತ್ತಿಲ್ಲ

ಮೊದಲು ಸೀಕಾಕ್ ತೆರೆದಿದೆಯಾ ನೋಡಿ. ಆಮೇಲೆ ಒಳಬರುವ ನೀರಿನ ಕಸ ಸೋಸುವ ಸ್ಟ್ರೈನರ್, ನದಿಯ ಬಾಯಿಯಲ್ಲಿ ನಿಲ್ಲಿಸುವ ಬೋಟುಗಳಿಗೆ ಅದರಲ್ಲಿ ಜೊಂಡು, ಪ್ಲಾಸ್ಟಿಕ್ ಕಟ್ಟಿಕೊಳ್ಳುವುದು ಜಾಸ್ತಿ. ಎರಡೂ ಸರಿ ಇದ್ದರೆ ಗಾಳಿ ಎಳೆಯುತ್ತಿರಬಹುದು. ಎಳೆಯುವ ಕಡೆಯ ಕ್ಲಿಪ್ಪು ಸಡಿಲವಿದ್ದರೆ ನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ, ಹಾಗಾಗಿ ಕಣ್ಣಿಗೆ ಕಾಣುವುದಿಲ್ಲ. ಪರೀಕ್ಷೆಗೆ ಹೋಸನ್ನು ಸೀಕಾಕಿನಿಂದ ಬಿಚ್ಚಿ (ಮುಚ್ಚಿದ ಮೇಲೆ) ಬಕೆಟ್ಟಿಗೆ ಬಿಡಿ. ಬಕೆಟ್ಟಿನಿಂದ ಎಳೆದರೆ ತೊಂದರೆ ಸೀಕಾಕ್ ಕಡೆ. ಆಗಲೂ ಎಳೆಯದಿದ್ದರೆ ಇಂಪೆಲ್ಲರ್ ತೆಗೆದು ನೋಡಿ, ರೆಕ್ಕೆಗಳು ಒಂದೇ ಕಡೆ ಬಾಗಿ ಗಟ್ಟಿಯಾಗಿದ್ದರೆ ಅಥವಾ ಬುಡದಲ್ಲಿ ಬಿರುಕಿದ್ದರೆ ಹೊಸದು ಹಾಕಿ. ಮುರಿದ ರೆಕ್ಕೆ ಸಿಗದಿದ್ದರೆ ಅದು ಮುಂದಿನ ಹೋಸಿನಲ್ಲಿ ಕೂತಿದೆ, ಹುಡುಕಿ ತೆಗೆಯಿರಿ. ಹೊಸದಕ್ಕೆ ಸಿಲಿಕೋನ್ ಗ್ರೀಸ್ ಸವರಿ. ಎಂಜಿನ್ ಗ್ರೀಸು ಬೇಡ, ಪೆಟ್ರೋಲಿಯಂ ಸೇರಿದ ಗ್ರೀಸಿಗೆ ಎಷ್ಟೋ ತರದ ರಬ್ಬರು ಉಬ್ಬಿ ಹಾಳಾಗುತ್ತದೆ.

ಇದಕ್ಕೆ ವಿರುದ್ಧವಾದ ತೊಂದರೆ, ಯಾರೂ ಬಟನ್ ಒತ್ತದಿದ್ದರೂ ಕಮೋಡಿಗೆ ಶುದ್ಧ ಸಮುದ್ರದ ನೀರು ತುಂಬುವುದು. ಇದನ್ನು ನಾಳೆ ನೋಡೋಣ ಅನ್ನಬೇಡಿ. ಸೈಫನ್ ಆಗುತ್ತಿದೆ, ಡೀಸೆಲ್ ಕ್ಯಾನಿಗೆ ಪೈಪು ಹಾಕಿ ಬಾಯಲ್ಲಿ ಎಳೆದು ಬಿಟ್ಟಾಗ ತಾನೇ ಹರಿಯುವ ಹಾಗೆ. ಬೋಟಿನಲ್ಲಿ ಯಾರೂ ಇಲ್ಲದಾಗ ಇದಾದರೆ ಬೋಟು ಮುಳುಗುತ್ತದೆ. ತಕ್ಷಣ ಸೀಕಾಕ್ ಮುಚ್ಚಿ. ಇದನ್ನು ತಡೆಯಲು ಹೋಸನ್ನು ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲೆ ಒಯ್ದು, ಅಲ್ಲಿ ಗಾಳಿ ವಾಲ್ವ್ ಇರುವ ಬಾಗಿದ ತುಂಡು ಹಾಕಿರುತ್ತಾರೆ, ವೆಂಟೆಡ್ ಲೂಪ್ ಅಂತ. ಅದರ ಸಣ್ಣ ವಾಲ್ವಿಗೆ ಉಪ್ಪು ಕಟ್ಟಿದರೆ ಅದು ಕೆಲಸ ಮಾಡುವುದಿಲ್ಲ, ಬಿಚ್ಚಿ ಸಿಹಿನೀರಿನಲ್ಲಿ ತೊಳೆಯಿರಿ. ಈ ಲೂಪನ್ನು ಪಂಪಿಗೂ ಕಮೋಡಿಗೂ ನಡುವೆ ಹಾಕಬೇಕು. ಸೀಕಾಕಿಗೂ ಪಂಪಿಗೂ ನಡುವೆ ಹಾಕಿದರೆ ಪಂಪು ನೀರಿನ ಬದಲು ಗಾಳಿಯನ್ನೇ ಎಳೆಯುತ್ತದೆ.

ಹೋದದ್ದು ವಾಪಸ್ ಬರುತ್ತಿದೆ, ಅಥವಾ ಹೋಗುವುದೇ ಇಲ್ಲ

ನಮ್ಮ ಎರಡನೆಯ ದೋಷ ಇದು. ಫ್ಲಶ್ ಮಾಡಿ ಹತ್ತು ನಿಮಿಷ ಬಿಟ್ಟರೆ ಕಮೋಡಿನ ತಳದಲ್ಲಿ ಕಂದು ನೀರು ನಿಧಾನವಾಗಿ ಏರುತ್ತಿತ್ತು. ಜೋಕರ್ ವಾಲ್ವ್ ತೆಗೆದರೆ ಅದರ ತುಟಿ ಮುಚ್ಚುತ್ತಲೇ ಇರಲಿಲ್ಲ, ಒಳಗೆ ಸುಣ್ಣದ ಹರಳು ಹಿಡಿದು ರಬ್ಬರು ಗಟ್ಟಿಯಾಗಿತ್ತು. ಇದನ್ನು ತೊಳೆದು ವಾಪಸ್ ಹಾಕುವ ಯೋಚನೆ ಬೇಡ. ಕಡಿಮೆ ಬೆಲೆಯ ಸಾಮಾನು, ವರ್ಷಕ್ಕೊಮ್ಮೆ ಬದಲಾಯಿಸಿ. ಒಂದು ಮಾತು: ಸರಿ ಇರುವ ಜೋಕರ್ ವಾಲ್ವಿನಿಂದಲೂ ಒಂದಿಷ್ಟು ನೀರು ಒಸರುತ್ತದೆ. ತಳದಲ್ಲಿ ಸ್ವಲ್ಪ ನೀರು ನಿಂತರೆ ಗಾಬರಿ ಬೇಡ, ಏರುತ್ತಾ ಹೋದರೆ ಮಾತ್ರ ನೋಡಿ.

ಮೂರನೆಯದು ಹೋಸಿನೊಳಗಿನ ಸುಣ್ಣ. ಉಚ್ಚೆ ನಿಂತು ಹಳತಾದರೆ ಕ್ಷಾರವಾಗುತ್ತದೆ, ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇರುತ್ತದೆ. ಎರಡೂ ಸೇರಿ ಗಾರೆಯಂಥ ಪದರ ಕಟ್ಟುತ್ತದೆ. ಭಾವನ 38 ಮಿಮೀ ಹೋಸಿನ ಒಳಗೆ ಹೆಬ್ಬೆರಳು ಮಾತ್ರ ಹೋಗುವಷ್ಟು ಜಾಗ ಉಳಿದಿತ್ತು. ಇದು ಇಷ್ಟು ಬೆಳೆಯಲು ಕಾರಣ ಬಟನ್ ಬೇಗ ಬಿಡುವುದು. ಕಮೋಡು ಖಾಲಿಯಾಯಿತು ಅಂತ ಬಿಡುತ್ತಾರೆ, ಆದರೆ ಕೊಳಚೆ ಹೋಸಿನಲ್ಲೇ ನಿಂತಿರುತ್ತದೆ. 38 ಮಿಮೀ ಹೋಸಿನ ಒಂದು ಮೀಟರಿನಲ್ಲಿ 1.1 ಲೀಟರ್ ಹಿಡಿಯುತ್ತದೆ. ಟ್ಯಾಂಕಿಗೆ 3 ಮೀಟರ್ ಹೋಸಿದ್ದರೆ ಅದರಲ್ಲಿರುವುದನ್ನು ದಾಟಿಸಲು 3.4 ಲೀಟರ್ ನೀರು ಬೇಕು. ಎಷ್ಟು ಸೆಕೆಂಡು ಒತ್ತಿದರೆ ಅಷ್ಟು ನೀರು ಬರುತ್ತದೆ ಅಂತ ಒಮ್ಮೆ ಬಕೆಟ್ಟಿನಲ್ಲಿ ಅಳೆದು ನೋಡಿ, ಆ ಸೆಕೆಂಡನ್ನು ಗೋಡೆಯ ಮೇಲೆ ಬರೆದಿಡಿ. ನಾವು ನೀರಿನಿಂದ ತೊಳೆದುಕೊಳ್ಳುವವರು, ಪೇಪರಿನಿಂದ ಕಟ್ಟಿಕೊಳ್ಳುವ ತೊಂದರೆ ನಮಗೆ ಕಡಿಮೆ, ಆದರೆ ಟ್ಯಾಂಕು ಬೇಗ ತುಂಬುತ್ತದೆ.

ಪದರ ತೆಳುವಿದ್ದರೆ ಸಿಟ್ರಿಕ್ ಆಸಿಡ್, ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುವುದು, ಲೀಟರಿಗೆ 100 ಗ್ರಾಂ ಕರಗಿಸಿ ರಾತ್ರಿಯಿಡೀ ಬಿಡಿ. ನೊರೆ ನಿಲ್ಲುವವರೆಗೆ ಎರಡು ಮೂರು ಸಲ ಮಾಡಿ. ಅಷ್ಟರಲ್ಲಿ ಹೋಗದಿದ್ದರೆ ಹೋಸು ಬಿಚ್ಚಿ, ಕೆರೆ ಕಲ್ಲಿನ ಮೇಲೆ ಬಟ್ಟೆ ಒಗೆಯುವ ಹಾಗೆ ಕಾಂಕ್ರೀಟಿಗೆ ಬಡಿಯಿರಿ, ಪದರ ಒಡೆದು ಚೂರಾಗಿ ಉದುರುತ್ತದೆ. ನಾವು ಹಾಗೇ ಮಾಡಿದೆವು, ಅರ್ಧ ಬುಟ್ಟಿ ಚೂರು ಬಂತು. ಬಾತ್‌ರೂಮಿನ ಖಾರದ ಆಸಿಡ್ ಸುರಿದು ಬಿಡಬೇಡಿ, ಲೋಹವನ್ನು ತಿನ್ನುತ್ತದೆ. ಬ್ಲೀಚಿಂಗ್ ಜೊತೆ ಯಾವ ಆಸಿಡೂ ಸೇರಬಾರದು, ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ, ಸಣ್ಣ ಕ್ಯಾಬಿನ್ನಿನಲ್ಲಿ ಅದು ಜೀವಕ್ಕೆ ಅಪಾಯ.

ಹೋಸು ಕಟ್ಟಿದೆಯಾ ಅಂತ ಆಂಪಿನಿಂದಲೂ ತಿಳಿಯಬಹುದು, ಆದರೆ ಹುಷಾರು. ರಬ್ಬರ್ ಇಂಪೆಲ್ಲರಿನಿಂದ ಹೊರ ತಳ್ಳುವ ಪಂಪಿನಲ್ಲಿ ದಾರಿ ಕಟ್ಟಿದರೆ ಆಂಪ್ ಏರುತ್ತದೆ. ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ಕಟ್ಟಿದರೆ ಆಂಪ್ ಇಳಿಯುತ್ತದೆ, ತೋಟದಲ್ಲಿ ಗೇಟ್ ವಾಲ್ವ್ ಮುಚ್ಚಿದಾಗ ಆಗುವ ಹಾಗೆ. ನಿಮ್ಮದು ಯಾವುದು ಅಂತ ನೋಡಿಕೊಂಡು ಅರ್ಥ ಮಾಡಿಕೊಳ್ಳಿ.

ಟ್ಯಾಂಕಿನ ಗಾಳಿ ಪೈಪು ಕಟ್ಟಿದರೂ ಫ್ಲಶ್ ಆಗುವುದಿಲ್ಲ, ಗುಳುಗುಳು ಅಂತ ವಾಪಸ್ ಬರುತ್ತದೆ. ಮಲೆನಾಡಿನ ಶೆಡ್ಡಿನಲ್ಲಿ ನಿಂತ ಬೋಟಿಗೆ ಇದು ಖಂಡಿತ ನೋಡಬೇಕಾದ ಜಾಗ, ಮಣ್ಣಿನ ಗೂಡು ಕಟ್ಟುವ ಕಡಜಗಳಿಗೆ ಆ ಸಣ್ಣ ತೂತು ಬಹಳ ಇಷ್ಟ. ಡೆಕ್ಕಿನ ಮೇಲಿನ ಟ್ಯಾಂಕಿನ ಮುಚ್ಚಳವನ್ನು ನಿಧಾನವಾಗಿ, ಮುಖ ಪಕ್ಕಕ್ಕೆ ಹಿಡಿದು ಸಡಿಲಿಸಿ. ಬುಸ್ ಅಂದರೆ ಗಾಳಿ ದಾರಿ ಮುಚ್ಚಿದೆ. ನಾವು ಈಗ ಶೆಡ್ಡಿಗೆ ತಂದ ದಿನವೇ ಆ ತೂತಿಗೆ ಸಣ್ಣ ಜಾಲರಿ ಕಟ್ಟುತ್ತೇವೆ.

ವಾಸನೆ

ವಾಸನೆಯಲ್ಲಿ ಎರಡು ತರ. ಬೆಳಗ್ಗೆ ಮೊದಲ ಫ್ಲಶ್ಶಿಗೆ ಮಾತ್ರ ಕೊಳೆತ ಮೊಟ್ಟೆಯ ವಾಸನೆ ಬಂದು ಹೋದರೆ ಅದು ಕೊಳಚೆಯದ್ದಲ್ಲ, ಎಳೆಯುವ ಹೋಸಿನಲ್ಲಿ ನಿಂತ ಸಮುದ್ರದ ನೀರಿನ ಸಣ್ಣ ಜೀವಿಗಳು ಸತ್ತು ಕೊಳೆತದ್ದು. ಬೋಟು ಬಿಡುವ ಮುಂಚೆ ಒಂದು ಬಕೆಟ್ ಸಿಹಿನೀರು ಎಳೆಸಿದರೆ ಕಡಿಮೆಯಾಗುತ್ತದೆ. ಆದರೆ ಕುಡಿಯುವ ನೀರಿನ ಪೈಪನ್ನು ಇದಕ್ಕೆ ನೇರ ಜೋಡಿಸಬೇಡಿ, ಕೊಳಚೆ ವಾಪಸ್ ಹೋಗಬಹುದು. ಯಾವಾಗಲೂ ಇರುವ ವಾಸನೆಯಾದರೆ ಹೋಸಿನ ರಬ್ಬರು ವಾಸನೆ ಬಿಡುತ್ತಿರಬಹುದು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹೋಸಿಗೆ ಸುತ್ತಿ, ಆರಿದ ಮೇಲೆ ಬಟ್ಟೆ ಮೂಸಿ. ಬಟ್ಟೆಗೆ ವಾಸನೆ ಹತ್ತಿದ್ದರೆ ಆ ಹೋಸು ಬದಲಾಯಿಸಿ, ಕೊಳಚೆಗೇ ಅಂತ ಮಾಡಿದ ಹೋಸೇ ಹಾಕಿ.

ಪರೀಕ್ಷೆಯ ನೀರನ್ನು ಎಲ್ಲಿ ಬಿಡುತ್ತೀರಿ ಅನ್ನುವುದೂ ಮುಖ್ಯ. ದೊಡ್ಡ ಹಡಗುಗಳಿಗೆ ಮಾರ್ಪೋಲ್ ಅನ್ನುವ, ಕಡಲು ಕೊಳೆಯಾಗದಂತೆ ತಡೆಯುವ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಅರೆದು ಸೋಂಕು ತೆಗೆದ ಕೊಳಚೆಯನ್ನೂ ದಡದಿಂದ 3 ನಾಟಿಕಲ್ ಮೈಲಿ ಆಚೆ, ಹಸಿ ಕೊಳಚೆಯನ್ನು 12 ಮೈಲಿ ಆಚೆ ಮಾತ್ರ ಬಿಡಬೇಕು ಅಂತಿದೆ. ನಮ್ಮ ಸಣ್ಣ ಬೋಟಿಗೆ ಯಾರು ಕೇಳುತ್ತಾರೆ ಅಂತ ನದಿಯೊಳಗೆ ಬಿಡಬೇಡಿ. ಭಾವ ಗೊರೂರಿನ ಹಿನ್ನೀರಿನಲ್ಲಿ ಇಳಿಸಿ ಪರೀಕ್ಷೆ ಮಾಡೋಣ್ವಾ ಅಂದಾಗ ನಾನು ಬೇಡವೇ ಬೇಡ ಅಂದೆ. ಹೇಮಾವತಿ ನಾವು ಕುಡಿಯುವ ನೀರು. ಎಲ್ಲವನ್ನೂ ಬಕೆಟ್ಟಿನಲ್ಲಿ ಹಿಡಿದು ಶೆಡ್ಡಿನ ಟಾಯ್ಲೆಟ್ಟಿನ ಪಿಟ್ಟಿಗೆ ಸುರಿದೆವು.

ಎಲ್ಲ ಜೋಡಿಸಿದ ಮೇಲೆ ಹತ್ತು ಸಲ ಫ್ಲಶ್ ಮಾಡಿ, ಪಂಪಿನ ಕೆಳಗೆ, ಪ್ರತಿ ಕ್ಲಿಪ್ಪಿನ ಕೆಳಗೆ ಒಣ ಪೇಪರ್ ಹಾಸಿ ರಾತ್ರಿ ಬಿಟ್ಟೆವು. ಬೆಳಗ್ಗೆ ಭಾವ ಕಾಫಿ ಲೋಟ ಹಿಡಿದೇ ಬೋಟು ಹತ್ತಿ ನೋಡಿದರು. ಒಂದು ಕ್ಲಿಪ್ಪಿನ ಕೆಳಗೆ ನಾಲ್ಕಾಣೆ ಅಗಲದ ಒದ್ದೆ ಇತ್ತು. ಅರ್ಧ ಸುತ್ತು ಬಿಗಿ ಮಾಡಿ ಹೊಸ ಪೇಪರ್ ಹಾಸಿದೆವು. ಮರುದಿನ ಅದು ಒಣಗಿಯೇ ಇತ್ತು.